ಉಸ್ತಾದ್ ಶಫೀಕರ ಪ್ರಕಟಣೆ

ಝಹ್ಲೆ ಊರಿನ ನಮ್ಮ ಪುಟ್ಟ ರೇಡಿಯೊ ಕೇಂದ್ರದಲ್ಲಿ ನಾನು ಮೂವತ್ತು ವರ್ಷದಿಂದ ತಂತ್ರಜ್ಞ. ಮೊದಲು ಕೇಳುಗರ ಮೆಚ್ಚಿನ ಹಾಡುಗಳಿದ್ದವು, ಆಮೇಲೆ ದಿನವಿಡೀ ಸುದ್ದಿ ಬಂತು. ಈಗ ಹಾಡು, ಜಾಹೀರಾತು ಎಲ್ಲವನ್ನೂ ಕಂಪ್ಯೂಟರೇ ಹಾಕುತ್ತದೆ. ಉದ್ಘೋಷಕರೆಲ್ಲ ಮನೆ ಸೇರಿದರು.

ಕಳೆದ ಆಗಸ್ಟಿನ ಒಂದು ಮಧ್ಯಾಹ್ನ, ಹಾಡಿನ ನಡುವೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಮಾತು ಶುರುಮಾಡುವ ಮೊದಲು ನಮ್ಮ ಹಿರಿಯ ಉದ್ಘೋಷಕ ಉಸ್ತಾದ್ ಶಫೀಕ್ ಹಾಗೆಯೇ ಉಸಿರೆಳೆಯುತ್ತಿದ್ದರು. ಅವರು ಸತ್ತು ಆರು ವರ್ಷವಾಗಿತ್ತು. ಹಳೆಯ ಸ್ಟುಡಿಯೊದ ಮೈಕನ್ನು ನಾನೇ ಕಿತ್ತಿದ್ದೆ. ಹೋಗಿ ಆ ಸ್ಟುಡಿಯೊದ ಕಿಟಕಿಯ ಗಾಜು ಮುಟ್ಟಿದೆ. ಆ ಬಿಸಿಲಲ್ಲೂ ಅದು ತಣ್ಣಗೆ ಕೊರೆಯುತ್ತಿತ್ತು, ಒಳಗಿನಿಂದ ಮಬ್ಬಾಗಿತ್ತು.

ಫೋನ್ ರಿಂಗಾಯಿತು. ದಿನವೂ ಕರೆಮಾಡುವ ಮುದುಕಿ ಉಮ್ ತಾನಿಯೂಸ್.

"ಏನೋ ಜಿರ್ಯೆಸ್, ಕೊನೆಗೂ ಬುದ್ಧಿ ಬಂತಾ? ಶಫೀಕ್‌ದು ಹಳೇ ಟೇಪ್ ಹಾಕಿದೀಯಲ್ಲ!"

"ನಾನೇನೂ ಹಾಕಿಲ್ಲಮ್ಮಾ. ಏನಂದ್ರು?"

"ಇವತ್ತಿನ ತಾರೀಖು ಹೇಳಿದ್ರಪ್ಪಾ. ಒಂದು ಗಂಟೆಗೆ ವಾರ್ತೆ ಓದೋಕೆ ನಜ್ಲಾ ಬರ್ತಾಳಂತೆ."

ನಜ್ಲಾ ನಮ್ಮ ಕೊನೆಯ ವಾರ್ತಾವಾಚಕಿ. ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು, ಮಾತೂ ನಿಂತುಹೋಗಿತ್ತು. ಅವಳ ಮನೆಗೆ ಫೋನ್ ಮಾಡಿದೆ. ಮಗ ಇಲ್ಯಾಸ್ ಎತ್ತಿಕೊಂಡ. ಅವನು ಅಳುತ್ತಿದ್ದ.

"ಅಮ್ಮ ಅಲ್ಲಿಗೆ ಬಂದ್ಳಾ ಮಾಮಾ? 'ರೇಡಿಯೊಗೆ ಹೊತ್ತಾಯ್ತು' ಅಂತ ಅವಳು ಕೂಗಿದ್ದು ಕೇಳಿಸ್ತು. ಅಡುಗೆಮನೆಯಿಂದ ಓಡಿ ಬಂದ್ರೆ ಹಾಸಿಗೆ ಖಾಲಿ!"

ಬೀದಿ ಬೀದಿ, ನದಿಯ ದಡವನ್ನೆಲ್ಲ ಹುಡುಕಿದೆವು. ನಜ್ಲಾ ಈವರೆಗೂ ಸಿಕ್ಕಿಲ್ಲ. ಆವತ್ತು ಅವಳ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಯೇ ಇತ್ತು.