ಎಡಗಡೆ ಸೀಟಿನ ಮೇಲಿನ ಬಟ್ಟೆ

ನನ್ನ ಗಂಡ ಪ್ರಾಣ ಬಿಟ್ಟದ್ದು ನಮ್ಮ ಕಾರಿನ ಎಡಗಡೆ ಸೀಟಿನಲ್ಲಿ. ಆಸ್ಪತ್ರೆಗೆ ಕಾರು ಓಡಿಸುತ್ತಿದ್ದವಳು ನಾನೇ. ಈ ಬೇಸಿಗೆಯಲ್ಲಿ ಕಾರಿನ ಚಾವಣಿಗೆ ಒಳಗಿನಿಂದ ಹೊದಿಸಿದ್ದ ಬಟ್ಟೆ ಅಂಟು ಬಿಟ್ಟು ಜೋತುಬಿತ್ತು. ಹೊಸದು ಹಾಕಿಸಲು ಕೈಯಲ್ಲಿ ಹಣವಿರಲಿಲ್ಲ. ಅಗ್ಗದ ಗಮ್ ತಂದು ನಾನೇ ಅಂಟಿಸಿದೆ.

"ಇದು ನಿಲ್ಲಾಕಿಲ್ಲ ಕಣತ್ಗೆ, ಕಾರ್ನೇ ಮಾರ್ಬುಡಿ," ಎಂದ ಮೈದುನ ನಂಜೇಶ್.

"ನರಸೀಪುರಕ್ಕೆ ಕೆಲ್ಸಕ್ಕೆ ನನ್ನ ನೀನು ಹೊತ್ಕೊಂಡೋಗ್ತೀಯಾ?" ಎಂದೆ.

ಮರುದಿನ ಮಧ್ಯಾಹ್ನ ಅವನೂ ಜೊತೆಗೆ ಬಂದ. ಅಣ್ಣನ ಸೀಟು ಬೇಡವೆಂದು ಹಿಂದೆ ಕುಳಿತ. ಹೆಡತಲೆ ಊರು ದಾಟುವಾಗ ಬಿಸಿಲಿಗೆ ಗಮ್ ಕರಗಿ, ಇಡೀ ಬಟ್ಟೆ ನಮ್ಮ ತಲೆಗಳ ಮೇಲೆ ಕಳಚಿತು. ಕಾರು ನಿಲ್ಲಿಸಿ ಅದನ್ನು ಮುಖದಿಂದ ಸರಿಸಿಕೊಂಡೆ.

ಎಡಗಡೆ ಸೀಟಿನಲ್ಲಿ ಬಟ್ಟೆ ಕೆಳಗೆ ಬಿದ್ದಿರಲಿಲ್ಲ. ತಲೆಯೊರಗುವ ದಿಂಬಿಗಿಂತ ಒಂದು ಗೇಣು ಮುಂದೆ, ಗುಂಡಗೆ ನಿಂತು, ಎರಡೂ ಕಡೆ ಹೆಗಲ ಮೇಲಿಂದ ಇಳಿದಂತೆ ಇಳಿದಿತ್ತು.

"ಗಾಳಿ ತುಂಬ್ಕೊಂಡದೆ, ಅಷ್ಟೇಯ," ಎಂದ ನಂಜೇಶ್. ಗಾಜುಗಳೆಲ್ಲ ಮುಚ್ಚಿದ್ದವು. ಬಾಗಿಲಿಗೆ ಕೈ ಹಾಕಿ, "ಅತ್ಗೆ, ಇಳೀರಿ," ಎಂದ.

ನಾನು ಇಳಿಯಲಿಲ್ಲ. ಬಟ್ಟೆಯ ಅಂಚು ಹಿಡಿದು ಎಳೆದೆ. ಮೊದಲು ಬರಲಿಲ್ಲ, ಆಮೇಲೆ ಒಮ್ಮೆಗೇ ಬಂತು. ಕೆಳಗೆ ಬರಿಯ ಸೀಟು. ಬಟ್ಟೆಯೆಲ್ಲ ಒಣಗಿತ್ತು, ಬಾಯಿ ಇರಬೇಕಾದ ಕಡೆ ಮಾತ್ರ ಒದ್ದೆಯಾಗಿತ್ತು.

ನಂಜೇಶ್ ಅಲ್ಲೇ ಇಳಿದು ಬಸ್ಸಿಗೆ ಕಾದು ನಿಂತ. ನನಗೆ ಕೆಲಸಕ್ಕೆ ತಡವಾಗುತ್ತಿತ್ತು. ಬಟ್ಟೆಯನ್ನು ಸುತ್ತಿ ಅದೇ ಸೀಟಿನಲ್ಲಿಟ್ಟು, ಎಡಕ್ಕೆ ತಿರುಗಿ ನೋಡದೆ ನರಸೀಪುರದವರೆಗೂ ಓಡಿಸಿದೆ. ಇಳಿಯುವಾಗ ಮುಟ್ಟಿ ನೋಡಿದೆ. ಅಂಥ ಬಿಸಿಲಿನಲ್ಲೂ ಆ ಒದ್ದೆ ಆರಿರಲಿಲ್ಲ. ಆಗ ತಾನೇ ಬಿಟ್ಟ ಉಸಿರಿನಷ್ಟು ಬೆಚ್ಚಗಿತ್ತು.