ಚೀಲದೊಳಗಿನ ಹೂವು

"ಜೇನು ಮುಟ್ಟದಿದ್ರೂ ಹಾಗಲಕಾಯಿ ಆಗತಾವು ನೋಡ್ರಿ ನಂದಿನಿ," ಎಂದ ಲಖನ, ಬಳ್ಳಿಯ ಚಪ್ಪರದ ಆಚೆಯಿಂದ.

ಎಲೆಗಳ ಸಂದಿನಲ್ಲಿ ಅವನ ಒಂದು ಕಣ್ಣು, ಅರ್ಧ ಮೀಸೆ ಮಾತ್ರ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ನಂದಿನಿ ಆ ಅರ್ಧ ಮೀಸೆಯನ್ನೇ ಸಂಜೆಯವರೆಗೆ ನೆನೆಯುತ್ತಿದ್ದಳು. ಇವತ್ತು ತಲೆ ಎತ್ತಲಾಗಲಿಲ್ಲ.

ನಿಡಸೋಸಿಯ ಈ ಹುಡುಗ ಅವಳ ಊರು ಮಸಗುಪ್ಪಿಗೆ ಬರತೊಡಗಿದ್ದು ಜೇನಿನ ಕೆಲಸಕ್ಕೆ ಬೆಲೆ ಕಟ್ಟಲು. ಕಾಲುವೆ ದಂಡೆಯ ಪೊದೆಗಳಲ್ಲಿ ಗೂಡು ಕಟ್ಟುವ ಜೇನು ರೈತರಿಗೆ ಎಷ್ಟು ದುಡಿದುಕೊಡುತ್ತದೆ ಎಂದು ರೂಪಾಯಿಯಲ್ಲಿ ತೋರಿಸಿದರೆ, ಸರ್ಕಾರ ಆ ಪೊದೆಗಳನ್ನು ಕಡಿಯದೆ ಬಿಡಬಹುದು ಎಂಬುದು ಅವನ ಸಂಶೋಧನೆಯ ಆಸೆ. ಅದಕ್ಕೇ ನಂದಿನಿಯ ತೋಟದಲ್ಲಿ ಕೆಲವು ಹೂಗಳಿಗೆ ಬಲೆಯ ಚೀಲ ಕಟ್ಟಿ ಜೇನು ಬಾರದಂತೆ ಮಾಡಿದ್ದ, ಉಳಿದವನ್ನು ಹಾಗೇ ಬಿಟ್ಟಿದ್ದ. ಎರಡರ ಫಸಲಿನ ಅಂತರವೇ ಜೇನಿನ ಬೆಲೆ. ಇದನ್ನೆಲ್ಲ ಬಿಡಿಸಿ ಹೇಳಿದ್ದು ಇವತ್ತು, ತುಸು ಮುಂಚೆ. ಮೊದಲ ದಿನ "ಚೀಲ ಮುಟ್ಟಬ್ಯಾಡ್ರಿ" ಎಂದಷ್ಟೇ ಹೇಳಿ ನಕ್ಕಿದ್ದ, ಪುಣ್ಯಾತ್ಮ.

ಚೀಲದೊಳಗಿನ ಹೂಗಳು ಬಾಡಿ ಉದುರಿದಾಗ ಲಖನ ಹುಬ್ಬು ಗಂಟಿಕ್ಕಿ ಅವನ್ನೇ ನೋಡುತ್ತಿದ್ದ. ಕೆಲಸ ಕೆಟ್ಟಿತು, ಇನ್ನು ಇವನು ಬರುವುದಿಲ್ಲ ಎಂದು ನಂದಿನಿ ಹೆದರಿದಳು. ಮರುದಿನದಿಂದ ಅವನ ಬಸ್ಸು ಅರಭಾವಿ ದಾಟುವ ಮೊದಲೇ ಚೀಲ ಬಿಚ್ಚಿ, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಿ, ಅವನು ಹಾಕಿದಂತೆಯೇ ಗಂಟು ಹಾಕಿಡತೊಡಗಿದಳು. ಕಾಯಿ ಹಿಡಿದವು. ಲಖನ ಮತ್ತೆ ಮತ್ತೆ ಬಂದ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು ಎನ್ನುವ ಹಾಗಾಗಿತ್ತು.

"ನಾಳೆ ಗೋಕಾಕದಾಗ ಸರ್ಕಾರದ ಸಾಹೇಬರ ಮುಂದ ರಿಪೋರ್ಟ್ ಇಡಬೇಕು. ಲೆಕ್ಕದಾಗ ಜೇನಿಂದು ಬೆಲಿ ಏನೂ ಇಲ್ಲ," ಎಂದ ಲಖನ.

"ಹಂಗಾದ್ರ ಪೊದಿ?"

"ಕಡೀತಾರ. ಏನ್ ಮಾಡೂದ್ರಿ, ಸುಳ್ಳ ಹೇಳಾಕ ಬರೂದಿಲ್ಲಲ್ಲ."

ಆ ಮಾತು ಅವಳಿಗೆ ಚುರುಕ್ಕೆಂದಿತು. ಬಾಯಿ ಮುಚ್ಚಿಕೊಂಡಿದ್ದರೆ ಅವನ ಕಣ್ಣಲ್ಲಿ ಒಳ್ಳೆಯವಳಾಗಿಯೇ ಉಳಿಯಬಹುದಿತ್ತು. ಆದರೆ ಕಾಲುವೆ ದಂಡೆ ಬೋಳಾದರೆ ಆ ಪಾಪ ತನ್ನದೇ.

"ಸುಳ್ಳ ಮಾಡಿದಾಕಿ ನಾನ ರೀ," ಎಂದಳು. "ಚೀಲ ಬಿಚ್ಚಿ ಕೈಲೆ ಪರಾಗ ಹಚ್ಚೇನಿ. ಕಾಯಿ ತಾವ ಆಗಿಲ್ಲ."

ಲಖನ ಚಪ್ಪರ ಸುತ್ತಿಕೊಂಡು ಬಂದ. ಮುಖ ಕೆಂಪಾಗಿತ್ತು. "ಪೂರಾ ಹಂಗಾಮ ಹಾಳಾತಲ್ರಿ! ಯಾಕ ಹಿಂಗ ಮಾಡಿದ್ರಿ?"

ಪರಾಗದ ಹಳದಿ ಹತ್ತಿದ ಬೆರಳುಗಳನ್ನು ಅವಳು ವೇಲಿನಲ್ಲಿ ಮುಚ್ಚಿಕೊಂಡಳು. ಅವನು ನೋಡಿಬಿಟ್ಟ.

"ದಿನಾ ಮಾಡಿದ್ರ್ಯಾ?"

"ಹೂಂ ರೀ. ಹಬ್ಬದ ದಿನಾನೂ ಬಿಟ್ಟಿಲ್ಲ. ರಟ್ಟಿ ಬಿದ್ದಹೋಗತಿದ್ವು."

ಲಖನ ಬದುವಿನ ಮೇಲೆ ಕುಳಿತುಬಿಟ್ಟ.

"ನನ್ನ ಲೆಕ್ಕ ಹೋತು, ರಿಪೋರ್ಟ್ ಇಡಾಂಗಿಲ್ಲ," ಎಂದ. "ಆದ್ರ ಜೇನು ಹೋದ್ರ ಊರ ಮಂದಿ ಎಲ್ಲಾರೂ ಹಿಂಗ ದಿನಾ ರಟ್ಟಿ ನೋಯಿಸಿಕೋಬೇಕಲ್ಲ, ಅದನ್ನರ ಸಾಹೇಬರು ನಿಮ್ಮ ಬಾಯಿಲೆ ಕೇಳಲಿ. ನಾಳೆ ನೀವೂ ಬರ್ರಿ."

"ಎಲ್ಲಾರ ಮುಂದ ನನ್ನ ತಪ್ಪು ಹೇಳಲ್ಯಾ?"

"ಹೇಳ್ರಿ. ಚೀಲ ಬಿಚ್ಚಿದ್ದು ಅವರಿಗೆ ಹೇಳ್ರಿ." ಅವನ ದನಿ ತಗ್ಗಿತು. "ಯಾಕ ಬಿಚ್ಚಿದ್ರಿ ಅನ್ನೂದು ನನಗಷ್ಟ ಹೇಳ್ರಿ."

ನಂದಿನಿ ಅವನ ಪಕ್ಕದಲ್ಲಿ ಕುಳಿತು, ಅಳುತ್ತಲೇ ಹೇಳಿದಳು.