ಸಿಪಾಯಿ ಗುಳಿಯ ಬಿಳಿಕಲ್ಲು

ಮೀನಾಕ್ಷಿ ಒಂದು ಸಲ ತಿರುಗಿ ನೋಡಿದ ರಭಸಕ್ಕೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಒಂದು ಸುತ್ತು ದೊಪ್ಪನೆ ಕುಸಿದು ಬಿತ್ತು.

ನಗಬೇಡಿ. ಬಿದ್ದ ಸದ್ದು ಹೊಳಲ್ಕೆರೆ ಪೇಟೆಯವರೆಗೆ ಕೇಳಿಸಿತು. ಮಾರಿಕಣಿವೆ ಡ್ಯಾಮಿನ ನೀರು ಬೆಚ್ಚಿಬಿದ್ದು ಒಂದು ಅಡಿ ಮೇಲೆದ್ದು ಕೂತಿತು. ಕೋಟೆಯ ಕೋತಿಗಳು ಆಷಾಢ ಮುಗಿಯುವವರೆಗೆ ಕಡಲೆಕಾಯಿ ಮುಟ್ಟಲಿಲ್ಲ. ಅಂಥ ನೋಟಕ್ಕೆ ಎದುರಾಗಿ ನಿಂತಿದ್ದವನು ಒಬ್ಬನೇ, ಗೈಡ್ ಬಾಲರಾಜು.

"ಕಲ್ಲು ಎಲ್ಲಿ?" ಅಂದಳು ಮೀನಾಕ್ಷಿ.

ಅವಳ ಕಾಲ ಬಳಿ ಒಂದು ಹಾಸುಬಂಡೆ. ಬಂಡೆಯಲ್ಲಿ ಮುಷ್ಟಿ ಹಿಡಿಯುವಷ್ಟು ಆಳದ ಒಂದು ಗುಳಿ. ಗುಳಿ ಖಾಲಿ... ಬರೀ ಗಾಳಿ ಸುತ್ತುತ್ತಿತ್ತು.

"ನಮ್ಮವ್ವ ಇಟ್ಟಿದ್ದ ಬಿಳಿಕಲ್ಲು ಎಲ್ಲಿ ಅಂತ ಕೇಳಿದ್ದು."

ಬೆಳಗ್ಗೆಯಿಂದ ಒಂದು ಗಳಿಗೆ ನಿಲ್ಲದೆ ಹರಿದಿದ್ದ ಬಾಲರಾಜುವಿನ ಬಾಯಿ ಆಗ ಮೊದಲ ಸಲ ಮುಚ್ಚಿತು.

ಆ ಬಾಯಿಯ ವಿಷಯ ಸ್ವಲ್ಪ ಹೇಳಲೇಬೇಕು. ಬಿ.ದುರ್ಗ ಅನ್ನುವ ಹಳ್ಳಿಯಿಂದ ಬಂದು ಕೋಟೆ ಕೆಳಗೆ ನೆಲೆಸಿದ ಹುಡುಗ ಈ ಬಾಲರಾಜು. ಹಿರಿಯೂರಿನಿಂದ ಮೆಟಡಾರ್ ವ್ಯಾನಿನಲ್ಲಿ ಬರುವ ಜನರಿಗೆ ಚಂದ್ರವಳ್ಳಿ, ರಂಗಯ್ಯನ ಬಾಗಿಲು, ಕೋಟೆ ಎಲ್ಲ ತೋರಿಸಿ, ಸಂಜೆಗೆ ಮಾರಿಕಣಿವೆಗೆ ಮುಟ್ಟಿಸುವ ಒಂದು ದಿನದ ಟೂರಿಗೆ ಅವನೇ ಗೈಡು. ಎಡಗಾಲು ಸ್ವಲ್ಪ ಎಳೆಯುತ್ತಿದ್ದ. ಯಾಕೆ ಅಂದರೆ, ಜೋಗಿಮಟ್ಟಿ ಕಾಡಿನಲ್ಲಿ ಕರಡಿ ಜೊತೆ ಕುಸ್ತಿಯಂತೆ. ಸೋತಿದ್ದು ಕರಡಿಯಂತೆ. ಕೋಟೆಯ ಕೋವಿಮದ್ದು ಬೀಸುವ ಕಲ್ಲುಗಳ ಹತ್ತಿರ ನಿಂತು, ಆನೆ ಕಟ್ಟಿದರೂ ತಿರುಗದ ಆ ಕಲ್ಲನ್ನು ತನ್ನ ಮುತ್ತಜ್ಜ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದ, ಇನ್ನೊಂದು ಕೈಯಲ್ಲಿ ಮುದ್ದೆ ಉಣ್ಣುತ್ತಿದ್ದ ಅಂತ ಹೇಳಿದಾಗ ಮೆಟಡಾರಿನ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಬ್ಬರು ಮಾತ್ರ ನಗಲಿಲ್ಲ. ಹರಿಯಬ್ಬೆಯ ದೊಡ್ಡಕ್ಕ ಮತ್ತು ಅವಳ ಮಗಳು ಮೀನಾಕ್ಷಿ.

ಅದು ತೊಂಬತ್ತೊಂಬತ್ತನೇ ಇಸವಿಯ ಜುಲೈ. ಕಾರ್ಗಿಲ್‌ನಲ್ಲಿ ಯುದ್ಧ. ದೊಡ್ಡಕ್ಕನ ಮಗ ಚಿಕ್ಕತಿಮ್ಮ ಅಲ್ಲಿ ಸಿಪಾಯಿ. ಅವನಿಂದ ಕಾಗದ ಬಂದು ಬಹಳ ದಿನವಾಗಿತ್ತು.

ಸಂಕ್ರಾಂತಿ ಹೊತ್ತಿಗೆ, ಮಗನಿಗೆ ಕಾಶ್ಮೀರಕ್ಕೆ ವರ್ಗವಾದಾಗ, ಟೂರಿಗೆ ಹೋಗಿ ಬಂದ ಊರ ಹೆಂಗಸರು ದೊಡ್ಡಕ್ಕನಿಗೆ ಒಂದು ಮಾತು ಹೇಳಿದ್ದರು. ಕೋಟೆಯ ಮೇಲೆ ಸಿಪಾಯಿ ಗುಳಿ ಅಂತ ಐತಂತೆ. ಪಾಳೆಗಾರರ ಕಾಲದಲ್ಲಿ ಗಂಡಸರು ಯುದ್ಧಕ್ಕೆ ಹೊರಟಾಗ ಮನೆ ಹೆಂಗಸರು ಹೊಸಿಲ ಬಳಿಯ ಕಲ್ಲೊಂದನ್ನು ತಂದು ಅಲ್ಲಿಡುತ್ತಿದ್ದರಂತೆ. ಕಲ್ಲು ಇರುವ ತನಕ ಹೋದವನ ಜೀವಕ್ಕೆ ಭಯವಿಲ್ಲವಂತೆ.

ದೊಡ್ಡಕ್ಕ ಹಿಂದೆಮುಂದೆ ನೋಡಲಿಲ್ಲ. ಮನೆ ಪಕ್ಕದಲ್ಲಿ ಕುರಿ ಕೂಡುವ ರೊಪ್ಪದ ಬಾಗಿಲಿಗೆ ಸಾಲಾಗಿ ಹುಗಿದಿದ್ದ ಬಿಳಿ ಬೆಣಚುಕಲ್ಲುಗಳಲ್ಲಿ ಒಂದನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಮಗ ಅಂಬೆಗಾಲಿಟ್ಟು ದಾಟಿದ ಬಾಗಿಲು ಅದು. ಮುಂದಿನ ಮೆಟಡಾರಿಗೇ ಹತ್ತಿ ಹೋಗಿ ಕಲ್ಲು ಇಟ್ಟು ಬಂದಳು.

ಯುದ್ಧ ಶುರುವಾದ ಮೇಲೆ ಅವಳ ಅನ್ನ ದಿನದಿನಕ್ಕೆ ಕರಗಿತು. ಅರ್ಧ ರೊಟ್ಟಿ ಮುರಿದು, ಅದರಲ್ಲೂ ಅರ್ಧ ವಾಪಸ್ ಇಡುತ್ತಿದ್ದಳು. ಒಂದೇ ಹಟ... ಕಲ್ಲು ಅಲ್ಲೇ ಐತಾ ನೋಡ್ಕಂಡು ಬರಾಣ, ಆಮೇಲೆ ಉಣ್ತೀನಿ.

ಮೀನಾಕ್ಷಿ ಪ್ರೈಮರಿ ಶಾಲೆಯ ಟೀಚರು. ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಅವ್ವನ ಕುತ್ತಿಗೆಯ ಮೂಳೆ ಎದ್ದು ಕಾಣುವುದನ್ನು ನೋಡಿದ ಮೇಲೆ ನಂಬಿಕೆ ಗಿಂಬಿಕೆ ಯಾರು ಕೇಳುತ್ತಾರೆ? ಭಾನುವಾರದ ಟೂರಿಗೆ ಇಬ್ಬರೂ ಹತ್ತಿದರು. ಮೊಣಕಾಲು ನೋವಿನ ಅವ್ವನನ್ನು ಏಕನಾಥೇಶ್ವರಿ ಗುಡಿಯ ಕಟ್ಟೆಯ ಮೇಲೆ ಕೂರಿಸಿ, ಮೊದಲು ತಾನೇ ನೋಡಿ ಬರುತ್ತೇನೆಂದು ಓಡಿ ಬಂದಿದ್ದಳು. ಗೈಡು ದಾರಿ ತೋರಿಸಲು ಹಿಂದೆಯೇ ಬಂದಿದ್ದ.

ಗುಳಿ ಖಾಲಿ ಇತ್ತು.

ಈಗ ಅವ್ವನಿಗೆ ಏನು ಹೇಳೋದು? ಕಲ್ಲಿಲ್ಲ ಅಂದರೆ ಇಲ್ಲೇ, ಈ ಬಂಡೆ ಮೇಲೇ ಅವಳ ಪ್ರಾಣ ಹೋದೀತು...

"ಮಾತಾಡ್ರಿ. ಬೆಳಗ್ಗಿಂದ ಅಷ್ಟು ಮಾತಾಡಿದ್ರಲ್ಲ."

ಬಾಲರಾಜು ತಲೆ ತಗ್ಗಿಸಿದ. "ಮೇಡಂ... ಅದು ಕಂಬ ನೆಡಕ್ಕೆ ಕೊರೆದಿರೋ ಗುಳಿ. ಕೋಟೆ ತುಂಬ ಇಂಥವು ಅವೆ. ಇದಕ್ಕೆ ಸಿಪಾಯಿ ಗುಳಿ ಅಂತ ಹೆಸರಿಟ್ಟಿದ್ದು ನಾನು. ಕಥೆನೂ ನಂದೇ."

ಹೋದ ವರ್ಷ ಬಿಸಿಲಿಗೆ ಬಳಲಿ ಕೂತ ಹೆಂಗಸರ ಗುಂಪೊಂದನ್ನು ಮೇಲಕ್ಕೆ ಹತ್ತಿಸಲು ಕಟ್ಟಿದ ಕಥೆಯಂತೆ ಅದು. ಮುಂದಿನ ವಾರ ಅವರಲ್ಲೊಬ್ಬಳು ನಿಜವಾಗಿಯೂ ಕಲ್ಲು ಹಿಡಿದುಕೊಂಡು ಬಂದಳಂತೆ. ಆಮೇಲೆ ಇನ್ನೊಬ್ಬಳು. ಅಲ್ಲಿಂದ ಅವನ ಕೈಯಲ್ಲಿ ಏನೂ ಉಳಿಯಲಿಲ್ಲವಂತೆ.

"ನಮ್ಮವ್ವ ನಿನ್ನ ಸುಳ್ಳು ನಂಬ್ಕಂಡು ಉಸಿರು ಹಿಡ್ಕಂಡವ್ಳೆ," ಅಂದಳು ಮೀನಾಕ್ಷಿ. ನೀವು ಹೋಗಿ ನೀನು ಆಗಿದ್ದು ಅವಳಿಗೂ ಗೊತ್ತಾಗಲಿಲ್ಲ. "ಆ ಕಲ್ಲನ್ನೂ ಬಿಸಾಕಿದ್ಯಾ?"

ಅವನು ಒಂದು ನಿಮಿಷ ಅಂತ ಕೈಸನ್ನೆ ಮಾಡಿ, ಕಾಲೆಳೆಯುತ್ತಾ ಬಂಡೆಯ ಹಿಂಬದಿಗೆ ಹೋದ. ಅಲ್ಲೊಂದು ಬಿರುಕು, ಅದರ ಬಾಯಿಗೆ ಕಾರೆಮುಳ್ಳು. ಮುಳ್ಳು ಸರಿಸಿ ಒಳಗಿನಿಂದ ಹಳೇ ಟವೆಲಿನ ಗಂಟೊಂದನ್ನು ಎತ್ತಿ ತಂದು ಅವಳ ಮುಂದೆ ಬಿಚ್ಚಿದ.

ಕಲ್ಲುಗಳು. ಕರಿದು, ಕೆಂಪು, ಅರಿಶಿನ ಹಚ್ಚಿದ್ದು, ಸಗಣಿ ಒಣಗಿ ಅಂಟಿದ್ದು... ನಡುವೆ ಬಿಳಿ ಬೆಣಚುಕಲ್ಲು ಒಂದು. ರೊಪ್ಪದ ಕಲ್ಲು.

"ಹಗಲು ಜನ ಜಾಸ್ತಿ ಮೇಡಂ. ಹುಡುಗರು ಕಲ್ಲೆತ್ತಿ ಕೋತಿಗೆ ಹೊಡೀತಾರೆ. ಅದಕ್ಕೆ ದಿನಾ ಬೆಳಗ್ಗೆನೇ ಬಂದು ಎತ್ತಿಡ್ತೀನಿ, ರಾತ್ರಿ ವಾಪಸ್ ಬಂದು ಮತ್ತೆ ಇಡ್ತೀನಿ. ಇದು ಹರಿಯಬ್ಬೆದು. ಈ ಕೆಂಪುದು ಮಾಡದಕೆರೆ ಅಜ್ಜಿದು, ಮೊಮ್ಮಗನೂ ಯುದ್ಧದಲ್ಲೇ ಅವ್ನಂತೆ." ಅವನು ಟವೆಲಿನ ಧೂಳು ಕೊಡವಿದ. "ಸುಳ್ಳು ಹೇಳಿದ್ದು ನಾನು. ಕಾಯದೇ ಇರಕ್ಕಾಗುತ್ತಾ?"

ಮೀನಾಕ್ಷಿ ಆ ಬಿಳಿಕಲ್ಲನ್ನು ಎತ್ತಿಕೊಂಡಳು.

ಮುತ್ತಜ್ಜನ ಮುದ್ದೆಯನ್ನೂ ಬಿಡದೆ ಹೇಳಿಕೊಳ್ಳುವವನು... ಇದೊಂದನ್ನು ಯಾಕೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ?

ಆದರೂ ಕೋಪ ಇಳಿದಿರಲಿಲ್ಲ. "ಕಲ್ಲು ಇದ್ದ ಮಾತ್ರಕ್ಕೆ ಸುಳ್ಳು ನಿಜ ಆಗಲ್ಲ. ನಮ್ಮವ್ವಗೆ ನೀವೇ ಹೇಳಬೇಕು."

"ಹೇಳ್ತೀನಿ," ಅಂದ.

ಅಷ್ಟರಲ್ಲಿ ಕೆಳಗಿನಿಂದ ಕೋಲಿನ ಸದ್ದು. ದೊಡ್ಡಕ್ಕ ಕಾಯಲಾರದೆ ಒಬ್ಬಳೇ ಹತ್ತಿ ಬರುತ್ತಿದ್ದಳು. ಪ್ರತಿ ಮೆಟ್ಟಿಲಿಗೂ ನಿಂತು, ಮೇಲೆ ನೋಡಿ, ಮತ್ತೆ ಹತ್ತುತ್ತಿದ್ದಳು. ಮೀನಾಕ್ಷಿ ಬಗ್ಗಿ ಕಲ್ಲನ್ನು ಗುಳಿಗೆ ಇಟ್ಟಳು. ಯಾಕೆ ಇಟ್ಟೆ ಅಂತ ಅವಳಿಗೇ ತಿಳಿಯಲಿಲ್ಲ.

"ಏನಪ್ಪ ತಮ್ಮ," ಅಂದಳು ದೊಡ್ಡಕ್ಕ ಏದುಸಿರು ಬಿಡುತ್ತಾ. "ಐತಾ?"

ಬಾಲರಾಜು ಎರಡೂ ಕೈ ಜೋಡಿಸಿದ. "ಅವ್ವಾ... ಈ ಗುಳಿ ಕಥೆ ಐತಲ್ಲ, ಅದು..."

ಮೀನಾಕ್ಷಿ ಅವ್ವನ ಒಣಗಿದ ತುಟಿ ನೋಡಿದಳು. ಆ ಕಣ್ಣು ನೋಡಿದಳು.

"ಐತೆ ಕಣವ್ವ," ಅಂದುಬಿಟ್ಟಳು. "ನೀ ಎಲ್ಲಿಟ್ಟಿದ್ಯೋ ಅಲ್ಲೇ ಐತೆ. ಇಷ್ಟು ಗಾಳಿ ಹೊಡೆದ್ರೂ ಕೂದಲೆಳೆಯಷ್ಟೂ ಅಲ್ಲಾಡಿಲ್ಲವಂತೆ. ರಾತ್ರಿಯೆಲ್ಲ ಹೊಳೀತದಂತೆ."

ಬಾಲರಾಜು ಬೆರಗಾಗಿ ಅವಳನ್ನೇ ನೋಡಿದ. ಹೊಳೆಯುವ ವಿಷಯ ಅವನಿಗೂ ಹೊಳೆದಿರಲಿಲ್ಲ.

ದೊಡ್ಡಕ್ಕ ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಕೈಗೆತ್ತಿಕೊಂಡಳು. ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಾಲರಾಜುವಿನ ಮುಖವನ್ನು ಅಷ್ಟೇ ಹೊತ್ತು ನೋಡಿದಳು. ಕಲ್ಲನ್ನು ಮೆಲ್ಲಗೆ ಗುಳಿಗಿಟ್ಟು ಮಗಳಿಗೆ ಹೇಳಿದಳು, "ಬುತ್ತಿ ಬಿಚ್ಚು. ಈ ಹುಡುಗನಿಗೂ ಕೊಡು."

ಆ ಬಂಡೆಯ ಮೇಲೆ ಕೂತು ದೊಡ್ಡಕ್ಕ ಒಂದಿಡೀ ರೊಟ್ಟಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಳು. ಮೀನಾಕ್ಷಿ ಅತ್ತ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಒರೆಸಿಕೊಂಡಿದ್ದನ್ನು ನೋಡಿದವನು ಒಬ್ಬನೇ.

ಸಂಜೆ ಮಾರಿಕಣಿವೆಯ ಏರಿ ಮೇಲೆ ಬಾಲರಾಜು ಒಂದು ಸುಳ್ಳನ್ನೂ ಹೇಳಲಿಲ್ಲ. ಜನ ಬೇಸರ ಮಾಡಿಕೊಂಡರು. ಮೆಟಡಾರ್ ಇಳಿಯುವಾಗ ಮೀನಾಕ್ಷಿ ಮೆಲ್ಲಗೆ ಕೇಳಿದಳು, "ದಿನಾ ರಾತ್ರಿ ಇಡ್ತೀರಲ್ವಾ?"

"ಇಡ್ತೀನಿ ಮೇಡಂ."

ಅಷ್ಟೇ. ಆದರೆ ಆ ಎರಡು ಮಾತು ಅವಳ ಜೊತೆ ಹರಿಯಬ್ಬೆಗೆ ಬಂದವು. ಬೆಳಗ್ಗೆ ಪೇಪರು ತೆರೆಯುವ ಮುಂಚೆ, ಅವಳಿಗೆ ನೆನಪಾಗುತ್ತಿದ್ದದ್ದು ಕಲ್ಲಲ್ಲ. ರಾತ್ರಿ ಕತ್ತಲಲ್ಲಿ ಒಂದು ಕಾಲೆಳೆಯುತ್ತಾ ಬಂಡೆ ಹತ್ತುವವನು... ನಾನು ನಂಬದವಳು. ಆದರೂ ಅವನು ಹತ್ತಲಿ, ದೇವರೇ, ಒಂದು ದಿನವೂ ತಪ್ಪಿಸದೆ ಹತ್ತಲಿ.

ಯುದ್ಧ ನಿಂತಿತು. ಆದರೂ ಚಿಕ್ಕತಿಮ್ಮನ ಸುದ್ದಿಯಿಲ್ಲ. ಶ್ರಾವಣ ಅರ್ಧ ಕಳೆದ ಮೇಲೆ ಊರ ಅಂಗಡಿಯ ಫೋನಿಗೆ ಕರೆ ಬಂತು. ಕಾಲಿಗೆ ಗುಂಡು, ಆಸ್ಪತ್ರೆಯಲ್ಲಿದ್ದೀನಿ, ಜೀವಕ್ಕೇನಿಲ್ಲ. ದೊಡ್ಡಕ್ಕ ರಿಸೀವರನ್ನು ಕಿವಿಗೆ ಹಿಡಿದು, ಮಾತೇ ಆಡದೆ, ಮಗ ಉಸಿರಾಡುವುದನ್ನು ಕೇಳುತ್ತಾ ನಿಂತುಬಿಟ್ಟಳು.

ಗೌರಿ ಹಬ್ಬ ಕಳೆದು ಅವನು ಊರುಗೋಲು ಹಿಡಿದು ಬಂದ. ಮೂವರೂ ಕೋಟೆಗೆ ಹೋಗಿ ಕಲ್ಲು ವಾಪಸ್ ತಂದರು. ಬಾಲರಾಜು ದೂರದಿಂದಲೇ ಕೈಮುಗಿದು ಬೇರೆ ಗುಂಪಿನ ಹಿಂದೆ ಹೊರಟುಹೋದ. ಹತ್ತಿರಕ್ಕೂ ಬರಲಿಲ್ಲ. ಮೀನಾಕ್ಷಿ ಅವನ ಬೆನ್ನನ್ನೇ ನೋಡಿದಳು. ನಾನು ಅಷ್ಟು ಬೈದಿದ್ದಕ್ಕಾ? ಇಲ್ಲಾ, ಕಲ್ಲಿನ ಜೊತೆ ನಮ್ಮ ಋಣವೂ ಮುಗಿಯಿತು ಅಂತಲಾ?

ಮಾರನೇ ದಿನ ಕಲ್ಲನ್ನು ಅದರ ಜಾಗದಲ್ಲಿ ಕೂರಿಸಲು ಅವಳು ರೊಪ್ಪಕ್ಕೆ ಹೋದಳು. ಬೇಸಿಗೆಯಿಂದ ಅಪ್ಪ ಜುಂಜಯ್ಯ ಮಂದೆ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದರಿಂದ ಆ ಕಡೆ ಯಾರೂ ಸುಳಿದಿರಲಿಲ್ಲ. ಬಾಗಿಲ ಮುಂದಿನ ಕಸ ಗುಡಿಸಿದಳು. ಗುಡಿಸಿ, ಹಾಗೇ ನಿಂತಳು.

ಬಿಳಿಕಲ್ಲಿನ ಸಾಲಿನಲ್ಲಿ ಎರಡು ಜಾಗ ಖಾಲಿ ಇದ್ದವು.

ಅವ್ವ ಕಿತ್ತದ್ದು ಒಂದೇ ಕಲ್ಲು.

"ಅವ್ವಾ..." ಅಂದಳು ತಿರುಗಿ. ದೊಡ್ಡಕ್ಕ ಹಿಂದೆಯೇ ನಿಂತಿದ್ದಳು. ಅವಳಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ.

"ಯಾವುದಕ್ಕಾದ್ರೂ ಕೂರಿಸು," ಅಂದಳು. "ನಾನಿಟ್ಟಿದ್ದ ಕಲ್ಲು ಇದಲ್ಲ ಅಂತ ಅವತ್ತೇ ಗೊತ್ತಾಗಿತ್ತು. ಎರಡೂ ನಮ್ಮವೇ."

ಅಷ್ಟು ಹೇಳಿ, ಮಗಳ ಕಿವಿಯಲ್ಲಿ ಇನ್ನೊಂದು ಮಾತು ಹೇಳಿದಳು. ಬೇಸಿಗೆಯಲ್ಲೊಮ್ಮೆ ನಾಯಿ ಯಾರನ್ನೋ ಬೇಲಿಯಾಚೆ ಅಟ್ಟಿದ್ದು ಮೀನಾಕ್ಷಿಗೆ ಆಗ ನೆನಪಾಯಿತು. ಮೀನಾಕ್ಷಿ ಮಾರನೇ ಬೆಳಗ್ಗೆ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಹೊರಟಳು.

ಮದ್ದು ಬೀಸುವ ಕಲ್ಲಿನ ಹತ್ತಿರ ಬಾಲರಾಜು ಜನರಿಗೆ ಕರಡಿ ಕಥೆ ಹೇಳುತ್ತಿದ್ದ. ಕರಡಿ ಈಗ ಎರಡಾಗಿತ್ತು.

"ಯಾವ ಬಣ್ಣದ ಕರಡಿ?" ಗುಂಪಿನ ಹಿಂದಿನಿಂದ ಒಂದು ದನಿ.

ಅವನು ತಿರುಗಿದ. "ಕ... ಕಪ್ಪು."

"ಒಂದು ಕಿವಿ ಹರಿದಿತ್ತಾ?"

ಬಾಲರಾಜು ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡ.

"ಅದರ ಹೆಸರು ಕರಿಯ. ನಮ್ಮನೆ ಕಾಯೋ ನಾಯಿ."

ಜನ ನಗುತ್ತಾ ಮುಂದೆ ಹೋದರು. ಇಬ್ಬರೇ ಉಳಿದರು. ಅವನು ಕಲ್ಲಿನ ಅಂಚಿಗೆ ಕೂತು ಎಲ್ಲ ಹೇಳಿದ. ದೊಡ್ಡಕ್ಕನ ಕಲ್ಲನ್ನು ಮೇ ತಿಂಗಳಲ್ಲೇ ಹುಡುಗರು ಎಸೆದು ಹೊಂಡಕ್ಕೆ ಬೀಳಿಸಿದ್ದರು. ಅದೇ ವಾರ ಯುದ್ಧದ ಸುದ್ದಿ. ಕಲ್ಲಿಡುವಾಗ ಆ ತಾಯಿ ಊರು, ರೊಪ್ಪ, ಮಗ ಎಲ್ಲ ಹೇಳಿದ್ದು ನೆನಪಿತ್ತು. ಬಸ್ಸು ಹಿಡಿದು ಹರಿಯಬ್ಬೆಗೆ ಹೋದ. ಬಾಗಿಲು ತಟ್ಟಿ ಕೇಳುವ ಧೈರ್ಯವಾಗಲಿಲ್ಲ. ಬೇಲಿ ದಾಟಿ, ಸಾಲಿನಿಂದ ಇನ್ನೊಂದು ಕಲ್ಲು ಕಿತ್ತ.

"ಕಿತ್ತು ಎದ್ದೆ. ನೀವು ಜಗಲಿ ಮೇಲೆ ಕುಂತು ಅವ್ವಗೆ ಪೇಪರ್ ಓದ್ತಿದ್ರಿ. ಎಲ್ಲಾ ಆರಾಮೈತೆ, ನಮ್ಮವರಿಗೆ ಯಾರಿಗೂ ಏನೂ ಆಗಿಲ್ಲ ಅಂತ." ಅವನು ತಲೆಯೆತ್ತಿದ. "ನಾನು ಬಸ್ಸಲ್ಲಿ ಅದೇ ಪೇಪರ್ ಓದ್ಕಂಡೇ ಬಂದಿದ್ದೆ ಮೇಡಂ. ಅದರಲ್ಲಿ ಹಂಗಿರಲಿಲ್ಲ."

ಮೀನಾಕ್ಷಿಯ ಕಣ್ಣು ತುಂಬಿ ಬಂತು.

"ನೋಡ್ತಾ ನಿಂತುಬಿಟ್ಟೆ. ನಾಯಿ ಬಂದಿದ್ದೂ ಗೊತ್ತಾಗಲಿಲ್ಲ."

"ಅವತ್ತಿಂದನಾ?"

"ಅವತ್ತಿಂದ."

"ಇದೂ ಸುಳ್ಳಾ?"

"ಎಲ್ಲಾನೂ ದೊಡ್ಡದು ಮಾಡಿ ಹೇಳ್ತೀನಿ ಮೇಡಂ. ಇದನ್ನ ಇನ್ನೂ ದೊಡ್ಡದು ಮಾಡಕ್ಕೆ ಬರ್ತಿಲ್ಲ... ನಿಜಾನೇ ಇರಬೇಕು."

ಅವಳು, ಅವ್ವ ಕಿವಿಯಲ್ಲಿ ಹೇಳಿ ಕಳಿಸಿದ್ದನ್ನು ಹೇಳಿದಳು. "ರೊಪ್ಪದ ಬಾಗಿಲಲ್ಲಿ ಇನ್ನೊಂದು ಜಾಗ ಖಾಲಿ ಐತೆ. ಕಿತ್ತವರೇ ಬಂದು ತುಂಬಬೇಕಂತೆ. ನಿಮ್ಮ ಅಪ್ಪ ಅವ್ವನ್ನೂ ಕರ್ಕಂಡು ಬರ್ರಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಈ ಸಲ ಬೇಲಿ ಹಾರಬ್ಯಾಡ್ರಿ. ಬಾಗಿಲಿಂದ ಬರ್ರಿ."

ಬಾಲರಾಜು ಆ ಸಂತೋಷಕ್ಕೆ ಕೋಟೆಯ ಮೇಲಿನಿಂದ ಹಾರಿ ನೇರ ಹರಿಯಬ್ಬೆಯಲ್ಲಿ ಇಳಿದ. ದಾರಿಯಲ್ಲಿ ಹಿರಿಯೂರಿನ ಮೇಲೆ ಎರಡು ಸುತ್ತು...

"ಹಾರಿದ್ರಾ?"

ನನ್ನ ಬೆನ್ನ ಹಿಂದೆ ಮೀನಾಕ್ಷಿಯ ಬಳೆ ಸದ್ದು. ಕಥೆ ಮುಗಿಯುವ ತನಕ ಬಾಗಿಲಲ್ಲಿ ನಿಂತು ಕೇಳಿದ್ದಾಳೆ ಅಂತ ಕಾಣುತ್ತೆ.

"ಕೋಟೆ ಗೋಡೆ ಬಿತ್ತಾ? ಹೊಳಲ್ಕೆರೆವರೆಗೆ ಕೇಳಿಸ್ತಾ?"

ಇಲ್ಲ. ಒಪ್ಪಿಕೊಂಡೆ. ಏಳು ಸುತ್ತೂ ಇದ್ದಲ್ಲೇ ಅವೆ. ಬಿದ್ದದ್ದು ನಾನೊಬ್ಬನೇ, ಅದೂ ನಾಯಿಗೆ ಹೆದರಿ, ಅವಳ ಅಪ್ಪನ ಮನೆಯ ಬೇಲಿಯಿಂದ. ಇವತ್ತಿಗೂ ಮೆಟ್ಟಿಲು ಹತ್ತುವಾಗ ಎಡಗಾಲು ನೋಯುತ್ತೆ.

"ತುಂಬಾ ನೋಯುತ್ತಾ?"

"ಸ್ವಲ್ಪ," ಅಂದೆ.

ಅದು ನಿಜ ಅಂತ ಅವಳಿಗೆ ಗೊತ್ತಾಯಿತು. ಎಣ್ಣೆ ಬಿಸಿ ಮಾಡಲು ಒಳಗೆ ಹೋದಳು.